ಒಂಬತ್ತು ಎಲೆಯ ಆಸೆಗೆ ಎಷ್ಟು ಕಟ್ಟಬಹುದು?

ನಮ್ಮೂರುಗಳಲ್ಲಿ ಇಸ್ಪೀಟು ಅಂದರೆ ಅಂದರ್ ಬಾಹರ್, ಹೆಚ್ಚೆಂದರೆ ರಮ್ಮಿ. ಪೋಕರ್ ಬಂದದ್ದು ಮೊಬೈಲಿನ ಜೊತೆಗೆ. ಬರುವಾಗ 'ಇದು ಅದೃಷ್ಟವಲ್ಲ, ಕೌಶಲದ ಆಟ' ಎಂಬ ಮಾತನ್ನೂ ಹೊತ್ತು ತಂದಿತು. ಆ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೊಂದು ಇತಿಹಾಸವಿದೆ.

ಅಮೆರಿಕದ ಮಿಸಿಸಿಪಿ ನದಿಯ ಹಡಗುಗಳಲ್ಲಿ ಆಡುತ್ತಿದ್ದ ಪೋಕರ್‌ನಲ್ಲಿ ಮೊದಲು ಇದ್ದದ್ದು 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಜೂಜು ಬಿಟ್ಟು ಜೂಜಿನ ವಿರುದ್ಧ ನಿಂತ ಜೊನಾಥನ್ ಗ್ರೀನ್ 1843ರ ಪುಸ್ತಕದಲ್ಲಿ ಈ ಆಟವನ್ನೇ ವಿವರಿಸಿದ್ದಾರೆ. ಮುಂದೆ ಬರುವ ಎಲೆಯೇ ಇಲ್ಲದಿದ್ದಾಗ ಅದಕ್ಕಾಗಿ ಲೆಕ್ಕ ಹಾಕುವುದೇನು? 52 ಎಲೆಯ ಕಟ್ಟು ಬಂದು, ಹೊಸ ಎಲೆ ಎತ್ತಿಕೊಳ್ಳುವ ಪದ್ಧತಿ ಬೆಳೆದ ಮೇಲೆ 'ಕಾಯಬೇಕೋ, ಬಿಡಬೇಕೋ' ಎಂಬ ಪ್ರಶ್ನೆ ಹುಟ್ಟಿತು.

ಈಗಿನ ಟೆಕ್ಸಾಸ್ ಹೋಲ್ಡೆಮ್ ಆಟದ ಒಂದು ಕೈ ನೋಡೋಣ. ನಿಮ್ಮ ಎರಡು ಎಲೆ, ಹಾಸಿನ ಮೇಲಿನ ನಾಲ್ಕು ಎಲೆ, ಅವುಗಳಲ್ಲಿ ಒಟ್ಟು ನಾಲ್ಕು ಕಳಾವರ್. ಐದನೆಯದು ಬಂದರೆ ಗೆಲುವು ಎಂದುಕೊಳ್ಳಿ. ನಿಮಗೆ ಕಾಣದ ಎಲೆ 46, ಅದರಲ್ಲಿ ಕಳಾವರ್ 9. ಒಂದು ಗೆಲುವಿಗೆ ನಾಲ್ಕಕ್ಕಿಂತ ಚೂರು ಹೆಚ್ಚು ಸೋಲು. ನಡುವೆ 100 ರೂಪಾಯಿ ಬಿದ್ದಿದೆ. ಎದುರಾಳಿ 50 ಹಾಕಿದರೆ ನೀವು 150 ಗೆಲ್ಲಲು 50 ಕೊಡಬೇಕು, ಅಂದರೆ ಒಂದಕ್ಕೆ ಮೂರು. ಗಿಟ್ಟುವುದಿಲ್ಲ, ಎಲೆ ಕೆಳಗಿಡಿ. ಅವನು 20 ಹಾಕಿದರೆ ಒಂದಕ್ಕೆ ಆರು. ಹಾಕಬಹುದು. ಲೆಕ್ಕ ಬಲ್ಲ ಎದುರಾಳಿ 33 ರೂಪಾಯಿಗೆ ಕಮ್ಮಿ ಹಾಕುವುದೇ ಇಲ್ಲ. ನಿಮ್ಮ ಆಸೆಗೆ ಬೆಲೆ ಕಟ್ಟುವುದೇ ಅವನ ಕಸುಬು.

1944ರಲ್ಲಿ ಜಾನ್ ಫಾನ್ ನ್ಯೂಮನ್ ಮತ್ತು ಮಾರ್ಗೆನ್‌ಸ್ಟರ್ನ್ ತಮ್ಮ ಗೇಮ್ ಥಿಯರಿ ಗ್ರಂಥದಲ್ಲಿ ಪೋಕರ್‌ಗೇ ಒಂದು ವಿಭಾಗ ಕೊಟ್ಟರು. ಕೆಟ್ಟ ಎಲೆ ಹಿಡಿದು ದೊಡ್ಡದಾಗಿ ಕಟ್ಟುವ ಬ್ಲಫ್ ಕೂಡ ಗಣಿತದಿಂದಲೇ ಹೊರಡುತ್ತದೆ ಎಂದು ತೋರಿಸಿದ್ದು ಅವರು. ಆಮೇಲೆ ಡೇವಿಡ್ ಸ್ಕ್ಲಾನ್ಸ್ಕಿಯಂಥವರು ಇಂಥ ಲೆಕ್ಕವನ್ನು ಆಟಗಾರರ ಭಾಷೆಗೆ ಇಳಿಸಿದರು. 2019ರಲ್ಲಿ ಪ್ಲೂರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಆಟದಲ್ಲಿ ವೃತ್ತಿಪರರನ್ನೇ ಸೋಲಿಸಿತು.

ಹಾಗಾಗಿ ಕೌಶಲವಿದೆ ಎಂಬುದರಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರು ಬೇರೆ. ಮೇಲಿನ ಒಂದಕ್ಕೆ ಆರರ ಕೈಯನ್ನೇ ಹತ್ತು ಸಲ ಸರಿಯಾಗಿ ಆಡಿದರೂ ಹತ್ತೂ ಸಲ ಎಲೆ ಬಾರದಿರುವ ಸಾಧ್ಯತೆ ನೂರಕ್ಕೆ 11. ಸಾವಿರಾರು ಕೈ ಆಡಿ ಸರಾಸರಿಗೆ ಕಾಯುವಷ್ಟು ಬಂಡವಾಳ ಇದ್ದವನಿಗೆ ಅದು ಏನೂ ಅಲ್ಲ. ಹಾಲಿನ ಬಟವಾಡೆಯ ದುಡ್ಡು ಹಾಕಿದವನಿಗೆ ಆ ಹತ್ತು ಕೈಯೇ ಆಟ. ಸಾಲದ್ದಕ್ಕೆ ಆಟ ನಡೆಸುವವರು ನಡುವಿನ ದುಡ್ಡಿನಿಂದ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಸಮಬಲದ ಇಬ್ಬರು ಕೂತರೆ ಕೊನೆಗೆ ಇಬ್ಬರ ಜೇಬೂ ಕರಗುತ್ತದೆ.

2021ರಲ್ಲಿ ಕರ್ನಾಟಕ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದಾಗ ಚರ್ಚೆಯ ನಡುವೆ ಇದ್ದದ್ದು ಅದೇ ಕೌಶಲ ಮತ್ತು ಅದೃಷ್ಟದ ತಕ್ಕಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಆ ತಕ್ಕಡಿಯನ್ನೇ ಬದಿಗಿಟ್ಟು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ಯಾವುವಾದರೂ ನಿಷಿದ್ಧ ಎಂದಿತು.