ಒಕ್ಕದ ಹಿರಿಯ

ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. 1949ರ ಜನವರಿ 15ರಂದು ಅವರು ಜನರಲ್ ಬುಚರ್ ಅವರಿಂದ ಭಾರತದ ಭೂಸೇನೆಯ ಅಧಿಕಾರವನ್ನು ವಹಿಸಿಕೊಂಡರು. ಆ ದಿನವನ್ನೇ ನಾವು ಸೇನಾ ದಿನವೆಂದು ಆಚರಿಸುತ್ತ ಬಂದಿದ್ದೇವೆ. ಅವರ ಯುದ್ಧಕೌಶಲವನ್ನು ಆ ಶಾಸ್ತ್ರವನ್ನು ಬಲ್ಲವರು ವಿವರಿಸಲಿ. ನಾನು ಇಂದು ಸ್ಮರಿಸಬೇಕೆಂದಿರುವುದು ಇಬ್ಬರು ಮಕ್ಕಳ ತಂದೆಯಾದ ಕಾರ್ಯಪ್ಪನವರನ್ನು. ಹೀಗೆ ಯೋಚಿಸಲು ನನ್ನನ್ನು ಪ್ರೇರೇಪಿಸಿದ್ದು, ಹಿಂದೊಮ್ಮೆ ತರಗತಿಯಲ್ಲಿ ಸೈನಿಕರ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ. ಅದನ್ನು ಮುಂದೆ ಹೇಳುತ್ತೇನೆ.

ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯ ನೌಕರರು. ಮಡಿಕೇರಿಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, 1919ರಲ್ಲಿ ಸೈನ್ಯಾಧಿಕಾರಿಯಾದರು. 1937ರಲ್ಲಿ ವಿವಾಹ, ಮರುವರ್ಷ ಮಗ ನಂದ, 1943ರಲ್ಲಿ ಮಗಳು ನಳಿನಿ. ಸಂಸಾರ ನೆಟ್ಟಗೆ ಸಾಗಲಿಲ್ಲ. 1945ರಲ್ಲಿ ದಂಪತಿಗಳು ಬೇರೆಯಾದರು. ಮೂರು ವರ್ಷಗಳ ತರುವಾಯ ಪತ್ನಿ ಅಪಘಾತವೊಂದರಲ್ಲಿ ತೀರಿಕೊಂಡರು. ಸೇನೆಯ ಪರಮಾಧಿಕಾರ ಕೈಗೆ ಬಂದ ದಿನ ಅವರ ಮನೆಯಲ್ಲಿದ್ದವರು ತಾಯಿಯಿಲ್ಲದ ಇಬ್ಬರು ಮಕ್ಕಳು. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಆರು ತುಂಬಿರಲಿಲ್ಲ.

ಆ ಮಕ್ಕಳನ್ನು ಅವರು ಹೇಗೆ ಬೆಳೆಸಿದರೆಂಬುದಕ್ಕೆ ಮಗನೇ ಹೇಳಿದ ಪ್ರಸಂಗವೊಂದಿದೆ. ದೆಹಲಿಯಲ್ಲಿ ಅಧಿಕಾರಿಗಳ ಮಕ್ಕಳು ಶಾಲೆಗೆ ಹೋಗಿಬರುತ್ತಿದ್ದದ್ದು ಸೈನ್ಯದ ಟ್ರಕ್ಕಿನಲ್ಲಿ. ಒಂದು ದಿನ ಅದು ಬರಲಿಲ್ಲ. ಸಹಾಯಕ ಅಧಿಕಾರಿ ಕನಿಕರದಿಂದ ದಂಡನಾಯಕರ ಸರಕಾರಿ ಕಾರನ್ನೇ ಕಳುಹಿಸಿಕೊಟ್ಟ. ವಿಷಯ ತಿಳಿದ ಕಾರ್ಯಪ್ಪನವರು ಆತನನ್ನು ಗದರಿಸಿ, ಖರ್ಚನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು.

ಮಗ ಬೆಳೆದು ವಾಯುಪಡೆಯನ್ನು ಸೇರಿದರು. 1965ರ ಸೆಪ್ಟೆಂಬರ್ 22. ಕದನವಿರಾಮ ಜಾರಿಗೆ ಬರಲು ಇನ್ನು ಕೆಲವೇ ಗಂಟೆಗಳಿದ್ದವು. ನಂದ ಹಾರಿಸುತ್ತಿದ್ದ ಹಂಟರ್ ವಿಮಾನ ಶತ್ರುಗಳ ಗುಂಡಿಗೆ ತುತ್ತಾಯಿತು. ಪ್ಯಾರಾಚೂಟಿನಿಂದ ಇಳಿದ ಅವರು ಬೆನ್ನುಮೂಳೆಯ ಪೆಟ್ಟಿನೊಡನೆ ಪಾಕಿಸ್ತಾನದ ಕೈಗೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷರಾದ ಅಯೂಬ್ ಖಾನರು ದೇಶ ಒಡೆಯುವ ಮುನ್ನ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಸೆರೆಯಾಳು ಯಾರ ಮಗನೆಂದು ತಿಳಿದೊಡನೆ, ಅವರು ಬಯಸಿದರೆ ಬಿಡುಗಡೆ ಮಾಡುವುದಾಗಿ ತಮ್ಮ ರಾಯಭಾರಿಯ ಮೂಲಕ ಹೇಳಿಕಳುಹಿಸಿದರು. ಮಡಿಕೇರಿಯ ನಿವೃತ್ತ ಸೇನಾನಿ ಆ ಉಪಕಾರವನ್ನು ಒಲ್ಲೆನೆಂದರು. ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಲಿ, ಮಗನಿಗೆಂದು ವಿಶೇಷ ಸೌಲಭ್ಯ ಬೇಡ ಎಂಬುದು ಅವರ ಉತ್ತರದ ಸಾರ. ಅಯೂಬರ ಪತ್ನಿ ಆಸ್ಪತ್ರೆಗೆ ಬಂದು, ಸಿಗರೇಟುಗಳನ್ನೂ ವುಡ್‌ಹೌಸನ ಒಂದು ಕಾದಂಬರಿಯನ್ನೂ ಕೊಟ್ಟು ಹೋದರಂತೆ. ನಂದ ತಾಯ್ನಾಡಿಗೆ ಮರಳಿದ್ದು 1966ರ ಜನವರಿಯಲ್ಲಿ, ನಾಲ್ಕು ತಿಂಗಳ ಮೇಲೆ.

ಈ ಕಥೆಯನ್ನು ಹೇಳಿ ಮುಗಿಸಿದಾಗ ಆ ಹುಡುಗಿ ಎದ್ದುನಿಂತು, "ಸಾರ್, ಎಲ್ಲರೂ ಮಕ್ಕಳೇ ಆದರೆ ಮನೆಯ ಮಗನಿಗೆ ಉಳಿದದ್ದೇನು?" ಎಂದು ಕೇಳಿದಳು. ನಾನು ಅಂದು ಕರ್ತವ್ಯ, ತ್ಯಾಗ ಎಂದು ಏನೇನೋ ಹೇಳಿದೆ. ಅವಳಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ.

ಉತ್ತರದ ಸುಳಿವು ದೊರೆತದ್ದು ಬಹಳ ಕಾಲದ ಮೇಲೆ, ಕೊಡವರ ಒಕ್ಕವೆಂಬ ವ್ಯವಸ್ಥೆಯನ್ನು ಕುರಿತು ಓದುವಾಗ. ಒಕ್ಕವೆಂದರೆ ಒಂದೇ ಮೂಲಪುರುಷನ ಸಂತತಿಯವರೆಲ್ಲ ಸೇರಿದ ಕುಟುಂಬ. ಅದರ ನೆಲೆ ಐನ್‌ಮನೆ, ಅದರ ಹಿರಿಯ ಪಟ್ಟೇದಾರ. ತಮ್ಮಂದಿರ ಮಕ್ಕಳು ಹಸಿದಿರುವಾಗ ತನ್ನ ಮಗನ ಎಲೆಗೆ ಮೊದಲು ಬಡಿಸುವ ಪಟ್ಟೇದಾರನನ್ನು ಯಾರು ತಾನೇ ಹಿರಿಯನೆಂದಾರು? ಕಾರ್ಯಪ್ಪನವರು ಸೇನೆಯನ್ನು ತಮ್ಮ ಒಕ್ಕವೆಂದು ಬಗೆದರೆಂದು ನನ್ನ ಎಣಿಕೆ. ಮಗನನ್ನು ಅವರು ಮನೆಯಿಂದ ಹೊರಗಿಡಲಿಲ್ಲ. ಮನೆಯನ್ನೇ ದೊಡ್ಡದು ಮಾಡಿದರು. ಆದರೂ ಬೆನ್ನು ನೊಂದು ಪರದೇಶದಲ್ಲಿ ಮಲಗಿದ್ದವನು ಆ ಮಗನೇ. ಹಿರಿತನದ ಬೆಲೆಯನ್ನು ಹಿರಿಯನೊಬ್ಬನೇ ತೆರುವುದಿಲ್ಲ ಎಂಬುದನ್ನು ನಾವು ಮರೆಯಬಾರದು. ಹುಡುಗಿಯ ಪ್ರಶ್ನೆಯಲ್ಲಿದ್ದ ಸತ್ಯ ಅದು.

ನಿವೃತ್ತಿಯ ನಂತರವೂ ಆ ಒಕ್ಕವನ್ನು ಅವರು ಬಿಡಲಿಲ್ಲ. ಮಾಜಿ ಸೈನಿಕರ ಸಂಘಟನೆಗೆ, ಅವರ ಪುನರ್ವಸತಿಗೆ ದುಡಿದರು. 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಬೇಟನ್ನನ್ನು ಸ್ವೀಕರಿಸುವಾಗ ಅವರಿಗೆ 87 ವರ್ಷ. ಕಾಲ್ಬೆರಳಿನ ನೋವಿದ್ದರೂ ಮೆತ್ತನೆಯ ಪಾದರಕ್ಷೆ ಬೇಡವೆಂದು, ಸಮವಸ್ತ್ರಕ್ಕೆ ಒಪ್ಪುವ ಬೂಟನ್ನೇ ತೊಟ್ಟು ನಡೆದರೆಂದು ಮಗ ನೆನೆದಿದ್ದಾರೆ. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು.

ನಂದ ಏರ್ ಮಾರ್ಷಲ್ ಪದವಿಗೇರಿ ನಿವೃತ್ತರಾದರು. ತಂದೆಯ ಜೀವನಚರಿತ್ರೆಯನ್ನು ಬರೆದರು. ನನ್ನ ವಿದ್ಯಾರ್ಥಿನಿ ಇಂದು ಎಲ್ಲಿದ್ದಾಳೋ ತಿಳಿಯದು. ಈ ಮಾತು ಅವಳ ಕಿವಿಗೆ ಬಿದ್ದರೆ ಇಷ್ಟು ಹೇಳಬಯಸುತ್ತೇನೆ: ಮನೆಯ ಮಗನಿಗೆ ಉಳಿದದ್ದೇನೆಂಬುದನ್ನು ತಿಳಿಯಲು ನೀನು ನನ್ನನ್ನು ಕೇಳಬೇಕಾಗಿಲ್ಲಮ್ಮ; ಆ ಮಗ ಬರೆದ ಪುಸ್ತಕವನ್ನು ಓದು.