ಮಾಯದ ಗಾಯದ ಬೆನ್ನು ಹತ್ತಿ

1939ರಲ್ಲಿ ಬಾಸ್ಟನ್ನಿನ ತರುಣ ಶಸ್ತ್ರವೈದ್ಯ ಜಾನ್ ಕ್ರ್ಯಾಂಡನ್ ಹಣ್ಣು ತರಕಾರಿ ತಿನ್ನುವುದನ್ನು ಪೂರ್ತಿ ನಿಲ್ಲಿಸಿದರು. ವಿಟಮಿನ್ ಸಿ ಇಲ್ಲದ ಊಟವನ್ನೇ ತಿಂಗಳುಗಟ್ಟಲೆ ಉಣ್ಣುತ್ತ, ನಡುನಡುವೆ ತಮ್ಮ ಬೆನ್ನಿನ ಮೇಲೆ ಗಾಯ ಮಾಡಿಸಿಕೊಂಡರು. ಮೂರು ತಿಂಗಳಾದಾಗ ಮಾಡಿದ ಗಾಯ ಎಂದಿನಂತೆ ಮಾಯಿತು. ಆರು ತಿಂಗಳಾದಾಗ ಮಾಡಿದ್ದು ಕೂಡಿಕೊಳ್ಳಲಿಲ್ಲ; ಹತ್ತು ದಿನ ಬಿಟ್ಟು ಪರೀಕ್ಷಿಸಿದರೆ ಚರ್ಮದಡಿ ಹೆಪ್ಪುಗಟ್ಟಿದ ರಕ್ತವಷ್ಟೇ ಕಂಡಿತು. ರಕ್ತನಾಳದ ಮೂಲಕ ವಿಟಮಿನ್ ಸಿ ಕೊಡಲು ಶುರುಮಾಡಿದ ಮೇಲೆ ಗಾಯ ಮಾಯತೊಡಗಿತು. ಗಾಯದ ಎರಡು ಅಂಚುಗಳನ್ನು ಬಿಗಿದು ಹಿಡಿಯುವ ಕೊಲಾಜೆನ್ ಎಂಬ ನಾರು ಆ ವಿಟಮಿನ್ ಇಲ್ಲದೆ ಗಟ್ಟಿಯಾಗುವುದಿಲ್ಲ. ಗಾಯವನ್ನು ಮುಚ್ಚುವುದು ಮೈಯೇ. ಅದನ್ನು ತಡೆಯುತ್ತಿರುವುದು ಏನು ಎಂದು ಹುಡುಕಬೇಕು ಎಂಬ ದಾರಿಗೆ ಈ ಪ್ರಯೋಗ ಒಳ್ಳೆಯ ನಿದರ್ಶನ.

ಅದಕ್ಕೂ ಮೊದಲಿನ ಸಾವಿರಾರು ವರ್ಷ, ಗಾಯದ ಮೇಲೆ ಏನು ಹಾಕಬೇಕು ಎಂಬ ಪ್ರಶ್ನೆಯೇ ಮುಂದಿತ್ತು. ಈಜಿಪ್ಟಿನವರು ಜೇನುತುಪ್ಪ, ಕೊಬ್ಬು, ನಾರಬಟ್ಟೆ ಬಳಸಿದರು. ಸುಶ್ರುತ ಸಂಹಿತೆ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುತ್ತದೆ: ಲೇಪ, ಕಷಾಯದ ಜೊತೆಗೆ ಕೊಯ್ಯುವುದು, ಹೊಲಿಯುವುದು, ಕಟ್ಟುವುದೂ ಅದರಲ್ಲಿವೆ. 16ನೇ ಶತಮಾನದ ಯುರೋಪಿನಲ್ಲಿ ಗುಂಡೇಟಿಗೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಯುದ್ಧಭೂಮಿಯಲ್ಲಿ ಎಣ್ಣೆ ಮುಗಿದುಹೋದಾಗ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೂಯಿಸ್ ಪಾರೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದರು. ಮರುದಿನ ಬೆಳಿಗ್ಗೆ ಎಣ್ಣೆ ಸುರಿಸಿಕೊಂಡವರು ಜ್ವರ, ನೋವು, ಬಾವಿನಲ್ಲಿ ನರಳುತ್ತಿದ್ದರು; ಉಳಿದವರು ಎಷ್ಟೋ ನಿರಾಳವಾಗಿದ್ದರು.

1865ರಲ್ಲಿ ಗ್ಲಾಸ್ಗೋದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಸೋಂಕು ತಡೆಯುವ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಅಂಥ ಕಾಲನ್ನು ಕತ್ತರಿಸುವುದೇ ರೂಢಿಯಾಗಿದ್ದ ಕಾಲವದು. ಹುಡುಗನ ಕಾಲು ಉಳಿಯಿತು. ಕೀವು ಕಟ್ಟುವುದು ಗಾಯದ ಸಹಜ ಗುಣ ಎಂಬ ನಂಬಿಕೆ ಅಲ್ಲಿಂದ ಸಡಿಲವಾಗುತ್ತ ಹೋಯಿತು.

ಆದರೂ ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂಬ ತಿಳಿವಳಿಕೆ ಇನ್ನೂ ನೂರು ವರ್ಷ ಅಲುಗಾಡಲಿಲ್ಲ. ಅದನ್ನು ಅಲುಗಾಡಿಸಿದವರು ಲಂಡನ್ನಿನ ಜಾರ್ಜ್ ವಿಂಟರ್. ಅವರು ಎಳೆಯ ಹಂದಿಗಳ ಮೈಮೇಲೆ ತೆಳುವಾದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಹಬ್ಬಿತು. ಹಕ್ಕಳೆಯಿದ್ದಲ್ಲಿ ಜೀವಕೋಶಗಳು ಅದರಡಿಯ ತೇವವನ್ನು ಹುಡುಕಿಕೊಂಡು ಕೆಳಗಿಳಿದು ಸಾಗಬೇಕು, ಅದಕ್ಕೇ ತಡ. 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಈ ಪುಟ್ಟ ಪ್ರಬಂಧದ ಬೆನ್ನಿಗೆ ಫಿಲ್ಮ್, ಫೋಮ್, ಜೆಲ್ ಎಂದು ಡ್ರೆಸ್ಸಿಂಗ್‌ಗಳ ದೊಡ್ಡ ಉದ್ಯಮವೇ ಬೆಳೆಯಿತು. ಮುಂಬಯಿಯ ವೈದ್ಯರು ಇದೇ ಕೆಲಸಕ್ಕೆ ಬಾಳೆಎಲೆಯನ್ನು ಶುದ್ಧಗೊಳಿಸಿ ಬಳಸಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬಾಳೆಎಲೆ ಗಾಯಕ್ಕೆ ಅಂಟುವುದಿಲ್ಲ, ಪಟ್ಟಿ ಬಿಚ್ಚುವಾಗ ಜೀವ ಹೋಗುವಂಥ ನೋವಿಲ್ಲ, ಬೆಲೆಯೂ ತೀರ ಕಡಿಮೆ.

ಪ್ರಯೋಗಾಲಯಗಳಲ್ಲಿ ಬೇರೊಂದು ಕೆಲಸ ನಡೆದಿತ್ತು. ಅಮೆರಿಕದ ರಸೆಲ್ ರಾಸ್ ತಂಡ ಗಿನಿಪಿಗ್‌ಗಳ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಇಲ್ಲವಾಗಿಸಿತು. ಗಾಯ ಮಾಯುವುದಕ್ಕೆ ತೊಂದರೆಯಾಗಲಿಲ್ಲ. 1975ರಲ್ಲಿ ಮ್ಯಾಕ್ರೋಫೇಜ್‌ಗಳನ್ನು ಇಲ್ಲವಾಗಿಸಿದಾಗ ಗಾಯದ ಕೆಲಸವೇ ಕುಂಟಿತು. ಕಸ ತಿನ್ನುವ ಕಣವೆಂದು ಹೆಸರಾದದ್ದೇ ದುರಸ್ತಿಯ ಮೇಸ್ತ್ರಿಯೂ ಆಗಿತ್ತು. ಮುಂದೆ, ತಿಂಗಳುಗಟ್ಟಲೆ ಉಳಿಯುವ ಹುಣ್ಣಿನಲ್ಲಿ ಉರಿಯೂತದ ಹಂತ ಮುಗಿಯುವುದೇ ಇಲ್ಲ, ಅಲ್ಲಿನ ಕಿಣ್ವಗಳು ಹೊಸ ನಾರನ್ನೂ ಬೆಳವಣಿಗೆಯ ಅಂಶಗಳನ್ನೂ ಕಡಿದುಹಾಕುತ್ತಿರುತ್ತವೆ ಎಂಬುದು ಗೊತ್ತಾಯಿತು. 1997ರಲ್ಲಿ ಅಂಥ ಬೆಳವಣಿಗೆಯ ಅಂಶವೊಂದರ ಜೆಲ್, ಬೆಕಾಪ್ಲರ್ಮಿನ್, ಅಮೆರಿಕದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೆ ಅನುಮತಿ ಪಡೆಯಿತು. ಅದೇ ವರ್ಷ ಆರ್ಜೆಂಟಾ, ಮೊರಿಕ್ವಾಸ್ ಜೋಡಿ ಗಾಯಕ್ಕೆ ಫೋಮ್ ತುಂಬಿ, ಮೇಲೆ ಹಾಳೆ ಅಂಟಿಸಿ, ಪಂಪಿನಿಂದ ಸ್ರಾವವನ್ನು ಎಳೆದು ತೆಗೆಯುವ ವಿಧಾನವನ್ನು ವಿವರಿಸಿತು. ಅದು ಆಸ್ಪತ್ರೆಗಳಲ್ಲಿ ನೆಲೆಯೂರಿದೆ. ಜೆಲ್ ಮಾತ್ರ ಹುಟ್ಟಿಸಿದ್ದಷ್ಟು ಭರವಸೆಯನ್ನು ಉಳಿಸಿಕೊಳ್ಳಲಿಲ್ಲ.

ಹುಣ್ಣಿನ ಮೇಲೆ ಎಷ್ಟೇ ದುಬಾರಿ ಜೆಲ್ ಹಚ್ಚಿದರೂ ರೋಗಿ ಅದೇ ಹುಣ್ಣಿನ ಮೇಲೆ ಕಾಲೂರಿ ನಡೆದರೆ ಏನು ಬಂತು? ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಇದೇ ಎನ್ನಬೇಕು. ಅದಕ್ಕೆ ಉತ್ತರ ಬಂದದ್ದು ಕುಷ್ಠರೋಗಿಗಳ ನಡುವಿನಿಂದ, ನಮ್ಮ ಪಕ್ಕದ ವೆಲ್ಲೂರಿನಿಂದ.

ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ಶಸ್ತ್ರವೈದ್ಯರಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಯ ಮಾಂಸ ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಆಗ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ತಾವೇ ಬರೆದಿರುವ ಪ್ರಸಂಗವೊಂದಿದೆ: ತುಕ್ಕು ಹಿಡಿದ ಬೀಗ ಅವರ ಕೈಯಿಂದ ತೆರೆಯಲಾಗಲಿಲ್ಲ. ಹತ್ತಿರವಿದ್ದ ಹತ್ತು ವರ್ಷದ ರೋಗಿ ಹುಡುಗ ಮುಂದೆ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿದ. ಬೀಗ ತೆರೆಯಿತು; ಬೆರಳಿನಿಂದ ರಕ್ತ ತೊಟ್ಟಿಕ್ಕಿತು. ಕೀಲಿ ಚರ್ಮ ಸೀಳಿ ಮೂಳೆಯವರೆಗೆ ಇಳಿದಿತ್ತು, ಹುಡುಗನಿಗೆ ಗೊತ್ತೇ ಆಗಿರಲಿಲ್ಲ. ರೋಗ ತಿಂದದ್ದು ನರವನ್ನು, ಬೆರಳನ್ನು ತಿಂದದ್ದು ನೋವಿಲ್ಲದ ದಿನಬಳಕೆ. ಅಂಗಾಲಿನ ಹುಣ್ಣೂ ಹೀಗೆಯೇ: ನೋವಿರುವವರು ಕುಂಟುತ್ತಾರೆ, ಭಾರವನ್ನು ಬೇರೆಡೆಗೆ ಹೊರಳಿಸುತ್ತಾರೆ, ಸ್ಪರ್ಶ ಕಳೆದುಕೊಂಡವರು ಅದೇ ಜಾಗವನ್ನು ಸಾವಿರ ಸಲ ತುಳಿಯುತ್ತಾರೆ.

ಬ್ರ್ಯಾಂಡ್ ಆರಿಸಿಕೊಂಡ ಪರಿಹಾರ ಪ್ಲಾಸ್ಟರ್. ಭಾರತದಲ್ಲಿ ಜೋಸೆಫ್ ಖಾನ್, ಸಿಲೋನಿನಲ್ಲಿ ಮಿಲ್ರಾಯ್ ಪಾಲ್ ಮೊದಲೇ ಅದನ್ನು ಬಳಸಿದ್ದರು. ಪಾದಕ್ಕೂ ಮೀನಖಂಡಕ್ಕೂ ಎಲ್ಲಿಯೂ ಸಂದು ಬಿಡದಂತೆ, ತೆಳುವಾದ ಮೆತ್ತೆಯಿಟ್ಟು ಅಚ್ಚೊತ್ತಿದ ಹಾಗೆ ಪ್ಲಾಸ್ಟರ್ ಹಾಕಿದರೆ ಭಾರ ಹುಣ್ಣಿನ ಮೇಲೆ ಮಾತ್ರ ಬೀಳದೆ ಇಡೀ ಅಂಗಾಲಿಗೂ ಕಾಲಿಗೂ ಹಂಚಿಹೋಗುತ್ತದೆ. ರೋಗಿ ನಡೆದಾಡಬಹುದು, ಹುಣ್ಣು ಮಾಯಲೂಬಹುದು. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಈ ವಿದ್ಯೆ ಅವರ ಜೊತೆ ಹೋಯಿತು. ಅಲ್ಲಿಂದ ಮಧುಮೇಹಿಗಳ ಪಾದಕ್ಕೆ ದಾಟಿತು. ಇಂದು ಸಕ್ಕರೆ ಕಾಯಿಲೆಯವರ ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುವ 10 ಗ್ರಾಂ ನೈಲಾನ್ ಎಳೆಯ ಬಳಕೆ ಬೆಳೆದದ್ದೂ ಕಾರ್ವಿಲ್‌ನಲ್ಲೇ.

2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ತಂಡ 63 ಮಧುಮೇಹಿಗಳಲ್ಲಿ ಇದನ್ನು ಒರೆಗೆ ಹಚ್ಚಿತು. 12 ವಾರಗಳಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರ ಪೈಕಿ ಶೇ 89.5 ಮಂದಿಯ ಹುಣ್ಣು ಮಾಯಿತು. ಬಿಚ್ಚಿ ಹಾಕಬಹುದಾದ ಬೂಟು ತೊಟ್ಟವರಲ್ಲಿ ಶೇ 65. ಈ ಅಂತರದ ಕಾರಣ ಎರಡು ವರ್ಷದ ಬಳಿಕ ಸ್ಪಷ್ಟವಾಯಿತು: ಬಿಚ್ಚಲು ಬರುವ ಬೂಟನ್ನು ರೋಗಿಗಳು ತಮ್ಮ ದಿನದ ಓಡಾಟದ ಶೇ 28 ಭಾಗದಲ್ಲಷ್ಟೇ ತೊಟ್ಟಿದ್ದರು. ಇಷ್ಟಾದರೂ ಅಮೆರಿಕದ ಚಿಕಿತ್ಸಾಲಯಗಳ 2008ರ ಸಮೀಕ್ಷೆಯಲ್ಲಿ, ಹೆಚ್ಚಿನ ಹುಣ್ಣುಗಳಿಗೆ ಪ್ಲಾಸ್ಟರನ್ನೇ ಬಳಸುವವು ಶೇ 2ರಷ್ಟೂ ಇರಲಿಲ್ಲ. ಹಾಕಲು ನುರಿತ ಕೈ ಬೇಕು, ಸಮಯ ಬೇಕು, ಮತ್ತೆ ಮತ್ತೆ ಬದಲಿಸಬೇಕು. ರಕ್ತ ಸರಿಯಾಗಿ ಹರಿಯದ, ಸೋಂಕು ಹೆಚ್ಚಿದ ಕಾಲಿಗೆ ಹಾಕುವಂತೆಯೂ ಇಲ್ಲ. ಈ ತೊಡಕುಗಳೆಲ್ಲ ನಿಜ. ಆದರೂ ಇಷ್ಟು ಗಟ್ಟಿ ಪುರಾವೆಯಿರುವ ಚಿಕಿತ್ಸೆಯನ್ನು ಬದಿಗಿಡಲು ಅವು ಸಾಲವು.

ಉಬ್ಬಿದ ರಕ್ತನಾಳದಿಂದ ಆಗುವ ಕಣಕಾಲಿನ ಹುಣ್ಣಿನದೂ ಇದೇ ಕಥೆ. ಒತ್ತಿ ಸುತ್ತುವ ಬ್ಯಾಂಡೇಜೇ ಅಲ್ಲಿನ ಮುಖ್ಯ ಮದ್ದು. 2018ರಲ್ಲಿ ಬ್ರಿಟನ್ನಿನ 450 ರೋಗಿಗಳ ಅಧ್ಯಯನದಲ್ಲಿ, ಬ್ಯಾಂಡೇಜಿನ ಜೊತೆಗೆ ಕೆಟ್ಟ ರಕ್ತನಾಳವನ್ನು ಬೇಗನೆ ಮುಚ್ಚಿದಾಗ ಹುಣ್ಣು ಮಾಯುವ ಮಧ್ಯಕ ಅವಧಿ 82 ದಿನಗಳಿಂದ 56ಕ್ಕೆ ಇಳಿಯಿತು. ಡ್ರೆಸ್ಸಿಂಗ್‌ಗಳಿಗೆ ಬೆಲೆಯಿಲ್ಲವೆಂದಲ್ಲ: ಸುಕ್ರೋಸ್ ಆಕ್ಟಾಸಲ್ಫೇಟ್ ಇರುವ ಡ್ರೆಸ್ಸಿಂಗ್ 20 ವಾರಗಳಲ್ಲಿ ಶೇ 48 ಮಂದಿ ಮಧುಮೇಹಿಗಳ ಪಾದದ ಹುಣ್ಣು ಮಾಯಿಸಿತು, ಅದಿಲ್ಲದ ಡ್ರೆಸ್ಸಿಂಗ್ ಶೇ 30.

ಮಾಯ್ದ ಮೇಲೂ ಮಧುಮೇಹಿಗಳ ಪಾದದ ಹುಣ್ಣು ಒಂದು ವರ್ಷದೊಳಗೆ ಸುಮಾರು ಶೇ 40 ಮಂದಿಯಲ್ಲಿ ಮರುಕಳಿಸುತ್ತದೆ. ಹಾಗಾಗಿ ಈಚಿನ ಸಂಶೋಧನೆ ಹುಣ್ಣು ಏಳುವ ಮೊದಲಿನ ದಿನಗಳತ್ತ ತಿರುಗಿದೆ. ಪೆಟ್ಟು ತಿನ್ನುತ್ತಿರುವ ಜಾಗ ಮೊದಲು ಬಿಸಿಯಾಗುತ್ತದೆ. ಬ್ರ್ಯಾಂಡ್ ಅದನ್ನು ಅಂಗೈಯಿಂದ ಮುಟ್ಟಿ ಕಂಡುಹಿಡಿಯುತ್ತಿದ್ದರು. 2007ರ ಅಮೆರಿಕದ ಅಧ್ಯಯನವೊಂದರಲ್ಲಿ ರೋಗಿಗಳು ಮನೆಯಲ್ಲೇ ದಿನವೂ ಎರಡೂ ಪಾದದ ಉಷ್ಣತೆ ಅಳೆದು, ಸುಮಾರು 2.2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಕಂಡರೆ ಓಡಾಟ ತಗ್ಗಿಸಿದರು. ಅವರಲ್ಲಿ ಶೇ 8.5 ಮಂದಿಗೆ ಹುಣ್ಣಾಯಿತು, ಎಂದಿನ ಆರೈಕೆಯಲ್ಲಿದ್ದವರಲ್ಲಿ ಶೇ 29 ಮಂದಿಗೆ. 2021ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 304 ಜನರ ಮೇಲೆ ಇದನ್ನೇ ಪರೀಕ್ಷಿಸಿದಾಗ ಎರಡು ಗುಂಪುಗಳ ಅಂತರ ಖಚಿತವೆನ್ನುವಷ್ಟು ಬರಲಿಲ್ಲ. ಆದರೆ ಪಾದ ಬಿಸಿಯಾದದ್ದನ್ನು ಕಂಡು ನಿಜಕ್ಕೂ ನಡಿಗೆ ಕಡಿಮೆ ಮಾಡಿದ ಕೆಲವರಲ್ಲಿ ಹುಣ್ಣುಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದವು.