ಬೂದಿಕೋಟೆಯಿಂದ ಅಮಿನಿಯವರೆಗೆ

ಕೋಲಾರ ಜಿಲ್ಲೆಯ ಆಂಡರ್ಸನ್‌ಪೇಟೆಯವರು ಚಳಿಗಾಲದ ರಜೆಗೆ ಲಕ್ಷದ್ವೀಪಕ್ಕೆ ಹೋಗಿ ಹಾಯಿದೋಣಿ ಹತ್ತಬೇಕೆಂದರೆ ಮೊದಲು ಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಹೊರಗಿನವರು ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ ಎಂಬುದು 1967ರ ನಿಯಮ. ಆದರೆ ಆ ದ್ವೀಪಗಳಲ್ಲಿ ಐದು ಒಂದು ಕಾಲಕ್ಕೆ ಮೈಸೂರಿಗೇ ಸೇರಿದ್ದವು. ಆ ಚರಿತ್ರೆಯ ಒಂದು ಎಳೆ ಹಿಡಿದು ಹೊರಟರೆ ಸಿಗುವುದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ.

ಹೈದರ್ ಅಲಿ ಹುಟ್ಟಿದ್ದು ಅಲ್ಲಿ. ಅವನ ಮನೆತನದ ಸಮಾಧಿಗಳು ಕೋಲಾರದಲ್ಲಿವೆ. ಸಮುದ್ರದ ಗಾಳಿಯೇ ಸೋಕದ ಈ ಬಯಲುಸೀಮೆಯವನು 1763ರಲ್ಲಿ ಬಿದನೂರನ್ನು ಗೆದ್ದಾಗ ಕರಾವಳಿಯೂ ಮಂಗಳೂರು ಬಂದರೂ ಅವನ ಕೈಸೇರಿದವು. ಕುದುರೆ ದಂಡಿನಿಂದ ಹೆಸರು ಮಾಡಿದವನು ಹಡಗು ಕಟ್ಟಿಸತೊಡಗಿದ. ನೌಕಾಪಡೆಯ ಹೊಣೆಯನ್ನು ಕಣ್ಣೂರಿನ ಅರಕ್ಕಲ್ ಮನೆತನದ ಅಲಿ ರಾಜನಿಗೆ ಒಪ್ಪಿಸಿದ. ಲಕ್ಷದ್ವೀಪದ ಒಡೆತನವೂ ಆಗ ಅದೇ ಮನೆತನದ್ದು.

ದ್ವೀಪದ ಬದುಕು ತೆಂಗಿನ ಮೇಲೆ ನಿಂತಿತ್ತು. ತೆಂಗಿನ ಸಿಪ್ಪೆಯನ್ನು ದಡದ ಉಪ್ಪುನೀರಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಹೆಂಗಸರು ಅದನ್ನು ಬಡಿದು ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುತ್ತಿದ್ದರು. ಭತ್ತ ಬೆಳೆಯದ ನೆಲವಾದ್ದರಿಂದ ಹುರಿ ಮಾರಿದರೆ ಅಕ್ಕಿ, ಇಲ್ಲದಿದ್ದರೆ ಇಲ್ಲ. 1760ರ ದಶಕದಲ್ಲಿ ಅರಕ್ಕಲ್ ಅರಸರು ಹುರಿಯನ್ನು ತಮಗೇ ಮಾರಬೇಕು, ಅದೂ ತಾವು ಹೇಳಿದ ಬೆಲೆಗೆ, ಎಂದು ಕಟ್ಟುಮಾಡಿದರು. ಆ ಪೆಟ್ಟು ನೇರವಾಗಿ ಬಿದ್ದದ್ದು ಅನ್ನದ ಮೇಲೆ.

ಅಮಿನಿ ದ್ವೀಪದ ಜನ ಸುಮ್ಮನಿರಲಿಲ್ಲ. 1780ರ ದಶಕದಲ್ಲಿ ಅವರಲ್ಲಿ ಕೆಲವರು ಸಮುದ್ರ ದಾಟಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳುವಂತೆ ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟರು. ಅರಕ್ಕಲ್ ಮನೆತನದ ರಾಣಿ ಬೀಬಿಯ ಜೊತೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆ ನಡೆದು, 1787ರ ಹೊತ್ತಿಗೆ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಮೈಸೂರಿನ ಆಡಳಿತಕ್ಕೆ ಬಂದವು. ಫಿರಂಗಿಯ ಸದ್ದಿಲ್ಲದೆ ಆದ ಈ ಬದಲಾವಣೆಯ ಹಿಂದೆ ಇದ್ದದ್ದು ಹುರಿ ಹೊಸೆಯುವವರ ಧೈರ್ಯ. ಯುದ್ಧಗಳ ಗದ್ದಲದಲ್ಲಿ ಅವರ ನೆನಪು ಮಸುಕಾಗಿರುವುದು ನ್ಯಾಯವಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಐದು ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಮಂಗಳೂರಿನ ಕಲೆಕ್ಟರರೇ ಅವುಗಳಿಗೂ ಮೇಲಧಿಕಾರಿ. ಹುರಿಯ ಏಕಸ್ವಾಮ್ಯವನ್ನು ಬ್ರಿಟಿಷರೂ ಬಿಡಲಿಲ್ಲ. ದ್ವೀಪದವರು ಬಂದರಿನಲ್ಲಿ ಹುರಿ ಇಳಿಸಿ ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಗಡಿಗಳು ಹೊಸದಾಗಿ ಮೂಡಿದ ದಿನವೇ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಯಿತು. ದಕ್ಷಿಣ ಕನ್ನಡದೊಂದಿಗಿನ ಆಡಳಿತದ ನಂಟು ಅಲ್ಲಿಗೆ ಮುಗಿಯಿತು. ವ್ಯಾಪಾರದ ನಂಟು ಮುಗಿಯಲಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ‘ಮಂಜಿ’ ಎಂಬ ಸರಕು ದೋಣಿಗಳು ದಿನಸಿ, ಸಿಮೆಂಟು, ಜಲ್ಲಿ ಹೇರಿಕೊಂಡು ದ್ವೀಪಗಳಿಗೆ ಹೊರಡುವುದು ನಂತರವೂ ನಡೆದುಬಂತು.

ಹಿಂದಿನ ಪಯಣ ಮೋಟಾರಿನದಲ್ಲ. ದ್ವೀಪದವರ ‘ಓಡಂ’ ದೋಣಿಗಳಲ್ಲಿ ಹಲಗೆಗೆ ಹಲಗೆ ಸೇರಿಸಲು ಮೊಳೆಯ ಬದಲು ತೂತು ಕೊರೆದು ಅದೇ ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹುರಿ ತಾಳುತ್ತದೆ. ಸಮುದ್ರದಲ್ಲಿ ತಮ್ಮ ನೆಲೆ ತಿಳಿಯಲು ‘ಕಮಾಲ್’ ಇತ್ತು. ಸಣ್ಣ ಹಲಗೆ ತುಂಡಿಗೆ ಗಂಟುಗಳಿರುವ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವನಕ್ಷತ್ರಕ್ಕೂ ಸರಿಹೊಂದಿಸಿದರೆ ಉತ್ತರ-ದಕ್ಷಿಣದಲ್ಲಿ ತಾವೆಲ್ಲಿದ್ದೇವೆಂದು ಗೊತ್ತಾಗುತ್ತಿತ್ತು. ನಕ್ಷತ್ರ, ಗಾಳಿ, ದಾರಿಗಳ ಲೆಕ್ಕವನ್ನು ‘ರಹ್ಮಾನಿ’ ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು.

ಮುಂಗಾರು ಶುರುವಾಗುವ ಮುನ್ನ ದೋಣಿಗಳನ್ನು ದಡಕ್ಕೆ ಎಳೆದಿಡುವುದು ವಾಡಿಕೆ. ಮಳೆ ಕಡಿಮೆಯಾದ ಮೇಲೆಯೇ ಮತ್ತೆ ಹಾಯಿ. ಇಂದು ಪ್ರವಾಸ ಯೋಜಿಸುವವರಿಗೂ ಅದೇ ಪಂಚಾಂಗ: ಅಕ್ಟೋಬರ್‌ನಿಂದ ಮೇ ಆರಂಭದವರೆಗೆ. 1988ರಲ್ಲಿ ಅಗತ್ತಿಯಲ್ಲಿ ವಿಮಾನ ನಿಲ್ದಾಣವಾಯಿತು. ಪ್ರವಾಸಿ ಹಡಗುಗಳು ಹೆಚ್ಚಾಗಿ ಕೊಚ್ಚಿಯಿಂದ ಹೊರಡುತ್ತವೆ. ಕದ್ಮತ್‌ನಲ್ಲಿ ಜಲಕ್ರೀಡೆಯ ಕೇಂದ್ರವಿದೆ. ಹವಳದ ದಿಬ್ಬ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ತಿಳಿನೀರಿನಲ್ಲಿ ಹೊಸಬರೂ ದೋಣಿ ನಡೆಸಲು ಕಲಿಯಬಹುದು. ಹೊರಡುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬಂಗಾರಪೇಟೆಯಿಂದ ಬೂದಿಕೋಟೆಗೂ ಹೋಗಿಬಂದರೆ, ಕದ್ಮತ್ ಮೈಸೂರಿಗೆ ಸೇರಿದ್ದ ಕಥೆಯನ್ನು ಮಕ್ಕಳಿಗೆ ಮೊದಲಿನಿಂದ ಹೇಳಬಹುದು.